ಆರು ಪೇಪರು, ಸೊನ್ನೆ ವರ್ಷ

ನನ್ನ ಬದುಕಿನ ದೊಡ್ಡ ತಪ್ಪನ್ನು ನಾನು ಮಾಡಿದ್ದು ಅವ್ವನ ಮಾತು ಕೇಳಿ. ಇದನ್ನು ಅವಳ ಎದುರೇ ಹೇಳುತ್ತೇನೆ. ಅವಳು ಒಪ್ಪುವುದಿಲ್ಲ, ಅದು ಬೇರೆ ಮಾತು.

ಅವ್ವ ಮಲ್ಲಂದೂರಿನ ಹತ್ತಿರದ ಎಸ್ಟೇಟೊಂದರಲ್ಲಿ ಕಾಫಿ ಹಣ್ಣು ಕೊಯ್ಯುವವಳು. ನಾನು ಬೆಳೆದದ್ದು ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಅಲ್ಲಿಯ ಲೈನ್ ಮನೆಯಲ್ಲೇ. ಕೊಯ್ಲಿನ ಕಾಲದಲ್ಲಿ ಕೂಲಿಯ ಲೆಕ್ಕ ಸರಳ: ಇಷ್ಟು ಕಿಲೋಗೆ ದಿನದ ಕೂಲಿ, ಅದರ ಮೇಲೆ ಕೊಯ್ದ ಒಂದೊಂದು ಕಿಲೋಗೂ ಬೇರೆ ದುಡ್ಡು. ಡಿಗ್ರಿ ಮುಗಿಸಿ ಆಕ್ಚುಯರಿ ಆಗುತ್ತೇನೆ ಎಂದಾಗ ಅವ್ವ ಅದೇನೆಂದು ಕೇಳಿದಳು. ಜನಕ್ಕೆ ಯಾವಾಗ ಏನು ಅನಾಹುತ ಆದೀತೆಂದು ಅಂದಾಜು ಮಾಡಿ, ವಿಮಾ ಕಂಪನಿ ಎಷ್ಟು ಕಂತು ಪಡೆಯಬೇಕು ಅಂತ ಹೇಳುವವರು ಎಂದೆ. ಅನಾಹುತದ ವಿಷಯ ಅವಳಿಗೆ ಬೇಕಿರಲಿಲ್ಲ. ಸಂಬಳ ಹೇಗೆ ಎಂದಳು. ಹತ್ತಾರು ಪೇಪರ್ ಇವೆ, ಒಂದೊಂದು ಪಾಸಾದ ಹಾಗೆಲ್ಲ ಸಂಬಳ ಏರುತ್ತದೆ ಎಂದೆ.

"ಹಂಗಾರೆ ಕೆಲ್ಸ ಆಮೇಲೆ ನೋಡಾಣ ಮಾರಾಯ್ತಿ. ಮೊದ್ಲು ಚೀಲ ತುಂಬುಸ್ಕ."

ತುಂಬಿಸಿಕೊಂಡೆ. ಆಲ್ದೂರಿನಲ್ಲಿ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಾ, ಬಸ್ಸಿನಲ್ಲಿ ಓದುತ್ತಾ, ನಾಲ್ಕು ವರ್ಷದಲ್ಲಿ ಆರು ಪೇಪರ್ ಮುಗಿಸಿದೆ. ಆಮೇಲೆ ಎಲ್ಲೋ ಆಕ್ಚುಯರಿಗಳ ಸಂಬಳದ ಪಟ್ಟಿಯೊಂದು ಸಿಕ್ಕಿತು. ಮೇಲೆ ಪಾಸಾದ ಪೇಪರುಗಳ ಸಾಲು, ಪಕ್ಕದಲ್ಲಿ ಅನುಭವದ ವರ್ಷಗಳು. ಆರು ಪೇಪರಿನ ಕೆಳಗೆ ಬೆರಳಿಟ್ಟು ಸೊನ್ನೆ ವರ್ಷದ ಎದುರಿಗೆ ಬಂದರೆ ಆ ಮನೆ ಖಾಲಿ! ನನ್ನಂಥವರು ಲೋಕದಲ್ಲೇ ಇಲ್ಲ ಎಂಬಂತೆ ಒಂದು ಗೆರೆ ಎಳೆದಿದ್ದರು.

ಇಂಟರ್‌ವ್ಯೂ ಮಾಡಿದ ನಾಲ್ಕು ಕಂಪನಿಗಳೂ ಅದನ್ನೇ ಹೇಳಿದವು. ಹೊಸಬರ ಸಂಬಳ ಕೊಡೋಣವೆಂದರೆ ಪೇಪರ್ ಜಾಸ್ತಿ, ಪೇಪರಿಗೆ ತಕ್ಕ ಸಂಬಳ ಕೊಡೋಣವೆಂದರೆ ಅನುಭವ ಇಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಒಂದೆರಡು ಪೇಪರ್ ಮುಗಿಸಿ ಕೆಲಸಕ್ಕೆ ಸೇರಿದ್ದ ನನ್ನ ಗೆಳತಿಯರೆಲ್ಲ ಆಗಲೇ ಸಂಬಳ ಎಣಿಸುತ್ತಿದ್ದರು. ನನಗೆ ಅವ್ವನ ಮೇಲೆ ಕೆಂಡದಂಥ ಸಿಟ್ಟು. ಐದನೆಯದೂ ತಪ್ಪಿದರೆ ಟ್ಯೂಷನ್ನೇ ಗತಿ ಎಂದು ತೀರ್ಮಾನಿಸಿಬಿಟ್ಟಿದ್ದೆ.

ಐದನೆಯ ಇಂಟರ್‌ವ್ಯೂ ವಿಡಿಯೋದಲ್ಲಿ. ಲೈನ್ ಮನೆಯಲ್ಲಿ ಸಿಗ್ನಲ್ ನಿಲ್ಲುವುದಿಲ್ಲ. ಎಸ್ಟೇಟಿನ ಲೆಕ್ಕ ಬರೆಯುವ ರೈಟ್ರು ತಮ್ಮ ಆಫೀಸನ್ನೂ ಕುರ್ಚಿಯನ್ನೂ ಬಿಟ್ಟುಕೊಟ್ಟರು. ನಾನು ಕೂತದ್ದು ಸಂಜೆ ನಾಲ್ಕಕ್ಕೆ. ಹೊರಗೆ ಕಾಫಿ ತೂಕ ಶುರುವಾಗುವುದೂ ಅದೇ ಹೊತ್ತಿಗೆ ಎಂಬುದು ನನಗೂ ರೈಟ್ರಿಗೂ ಹೊಳೆದಿರಲಿಲ್ಲ. ಪರದೆಯ ಮೇಲಿದ್ದ ನರೆಗೂದಲ ಮೇಡಂ ಒಂದು ಪ್ರಶ್ನೆ ಕೇಳುವಷ್ಟರಲ್ಲಿ ತೂಕ ನೋಡುವ ಮೇಸ್ತ್ರಿ ಕಿಟಕಿಯ ಆಚೆ ಯಾರದೋ ಹೆಸರು ಕೂಗಿ, "ಐವತ್ತೆಂಟು!" ಎನ್ನುತ್ತಿದ್ದ. ಕೊನೆಗೆ ಅವರು ಅದೇನೆಂದು ಕೇಳಿದರು. ಹೇಳಿದೆ. ಅವರು ನಗುತ್ತಾ, ಹಾಗಾದರೆ ನಿಮ್ಮ ಆರು ಪೇಪರಿಗೆ ಕಿಲೋ ಲೆಕ್ಕದಲ್ಲಿ ಎಷ್ಟು ಕೊಡಲಿ ಎಂದರು.

ಆಗ ನನ್ನ ಮೊದಲ ಕೊಯ್ಲು ನೆನಪಾಯಿತು. ಪಿಯುಸಿ ಓದುವಾಗ ಡಿಸೆಂಬರ್ ರಜೆಯಲ್ಲಿ ಕೊಂಬೆ ಕೊಂಬೆಯನ್ನೇ ಸವರಿ, ಅವ್ವನಿಗಿಂತ ದಪ್ಪ ಚೀಲ ಹೊತ್ತು ತಂದು ಬೀಗಿದ್ದೆ. ತೂಕಕ್ಕೆ ಮುಂಚೆ ಎಲ್ಲವನ್ನೂ ಚಾಪೆಯ ಮೇಲೆ ಸುರಿದು ಹಸಿರು ಕಾಯಿ ಆರಿಸಿ ತೆಗೆಯಬೇಕು. ಆರಿಸಿದರೆ ನನ್ನ ಚೀಲ ಅರ್ಧ. ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಅದನ್ನೇ ಮೇಡಂಗೆ ಹೇಳಿದೆ. ಆರು ಪೇಪರ್ ಚೀಲದಲ್ಲಿವೆ ಮೇಡಂ, ಹಣ್ಣೆಷ್ಟು ಕಾಯೆಷ್ಟು ನನಗೇ ಗೊತ್ತಿಲ್ಲ. ಒಂದು ವರ್ಷ ಹೊಸಬರ ಸಂಬಳ ಕೊಡಿ. ಆಮೇಲೆ ಚಾಪೆಯ ಮೇಲೆ ಸುರಿಯೋಣ, ಹಣ್ಣಾದಷ್ಟಕ್ಕೆ ಕೊಡಿ. ಅವರು ಏನನ್ನೋ ಬರೆದುಕೊಂಡರು. ಹೊರಗೆ ಮೇಸ್ತ್ರಿ ಅವ್ವನ ಹೆಸರು ಕೂಗಿದ, "ತೊಂಬತ್ತೊಂದು!" ಅದು ನಮ್ಮ ತಾಯಿ ಎಂದೆ, ಯಾರೂ ಕೇಳದಿದ್ದರೂ.

ಕೆಲಸ ಸಿಕ್ಕಿತು. ಚಿಕ್ಕಮಗಳೂರಿನ ಬಾಡಿಗೆ ಕೋಣೆಯಿಂದಲೇ ಕೆಲಸ, ಭಾನುವಾರ ಲೈನ್ ಮನೆ. ವರ್ಷ ತುಂಬಿದಾಗ ಬಂದ ಕಾಗದದಲ್ಲಿ ಆರು ಪೇಪರಿಗೂ ಏರಿಕೆ ಇತ್ತು, ಒಂದು ವರ್ಷದ ಅನುಭವಕ್ಕೆ ಅದಕ್ಕಿಂತಲೂ ಹೆಚ್ಚಿತ್ತು. ಭಾನುವಾರ ಅವ್ವನಿಗೆ ಓದಿ ಹೇಳಿದೆ. ಖುಷಿಗೆ ನನ್ನ ದನಿ ಏರಿತ್ತು. ಅವ್ವ ಮಾತ್ರ ಬೆರಳು ಮಡಿಚಿ ಲೆಕ್ಕ ಹಾಕುತ್ತಿದ್ದಳು.

"ಒಂದೊರ್ಷಕ್ಕೆ ಇಷ್ಟಾ? ನಂದು ಮೂವತ್ತೊಂದಾತಲ್ಲೇ."

ಹಳೆಯ ಪಟ್ಟಿ ತೆಗೆದೆವು. ಅದರಲ್ಲಿ ವರ್ಷಗಳು ಇಪ್ಪತ್ತಕ್ಕೇ ಮುಗಿದಿದ್ದವು. ಅವ್ವನಿಗೂ ಅಲ್ಲಿ ಮನೆ ಇರಲಿಲ್ಲ. ಮೂವತ್ತೊಂದು ವರ್ಷ ಕೊಯ್ದ ಅವಳಿಗೂ ನಿನ್ನೆ ಬಂದವಳಿಗೂ ದಿನದ ಕೂಲಿ ಒಂದೇ ಎಂಬುದು ನನಗೆ ಹುಟ್ಟಿದಾಗಿನಿಂದ ಗೊತ್ತಿತ್ತು. ಅಂದು ಮೊದಲ ಸಲ ಅದಕ್ಕೆ ಸಿಟ್ಟು ಬಂತು. ಪೆನ್ನಿನಲ್ಲಿ ಕೆಳಗಿನವರೆಗೂ ಗೆರೆ ಎಳೆದು ಹೊಸ ಮನೆ ಮಾಡಿದೆ: ಪೇಪರ್ ಸೊನ್ನೆ, ವರ್ಷ ಮೂವತ್ತೊಂದು. ಅದೇ ಲೆಕ್ಕದಲ್ಲಿ ಏರಿಸುತ್ತಾ ಹೋದರೆ ಬಂದ ಮೊತ್ತಕ್ಕೆ ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಸೋಮವಾರ ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ ಅವ್ವ ಆ ಪಟ್ಟಿಯನ್ನು ಮಡಿಚಿ ರವಿಕೆಯೊಳಗೆ ಇಟ್ಟುಕೊಳ್ಳುತ್ತಿದ್ದಳು. ಎಲ್ಲಿಗೆ ಎಂದೆ.

"ರೈಟ್ರಿಗೆ ತೋರುಸ್ತೀನಿ. ಕೊಡದಿದ್ರೆ ಬಿಡ್ಲಿ. ಎಷ್ಟು ಕೊಡ್ಬೇಕಿತ್ತು ಅಂತ ಅವ್ರಿಗೂ ಗೊತ್ತಿರ್ಲಿ."