ಸವಾರ್ ಕರಿಯಯ್ಯ ಹೇಳದೆ ಬಿಟ್ಟದ್ದು

ಹೊಂಗೆಕೊಪ್ಪಲಿನ ಕರಿಯಯ್ಯ ಆರು ವರ್ಷ ಮಹಾರಾಜರ ರಿಸಾಲೆಯಲ್ಲಿ ಕುದುರೆಯ ಮೇಲೆ ಬದುಕಿದ್ದ. ಅಲ್ಲಿಂದೀಚೆಗೆ ಆ ಆರು ವರ್ಷಗಳ ಹೆಸರಿನ ಮೇಲೆ ಬದುಕಿದ್ದ. ಮದ್ದೂರಿನಿಂದ ವೈದ್ಯನಾಥಪುರದವರೆಗೆ ಅವನನ್ನು ಬರೀ ಕರಿಯಯ್ಯ ಎನ್ನುವವರಿರಲಿಲ್ಲ. ಸವಾರ್ ಕರಿಯಯ್ಯ ಎನ್ನುತ್ತಿದ್ದರು. ಊರಿಗೆ ಬಂದ ಮೇಲೆ ಅವನು ಒಂದು ಸಲವೂ ಕುದುರೆ ಹತ್ತಿರಲಿಲ್ಲ. ಎರಡು ಎತ್ತು, ಒಂದಿಷ್ಟು ಗದ್ದೆ, ತಾಯಿಯಿಲ್ಲದ ಒಬ್ಬಳು ಮಗಳು, ಇಷ್ಟನ್ನು ನೋಡಿಕೊಂಡಿದ್ದ.

ಅವನ ಹತ್ತಿರ ಒಂದು ಕಥೆಯಿತ್ತು. ಜರ್ಮನ್ ಯುದ್ಧದ ಕೊನೆಯ ವರ್ಷ ಸಮುದ್ರದಾಚೆಯ ಮರಳು ನಾಡಿನಲ್ಲಿ ನಡೆದದ್ದು. ಒಕ್ಕಣೆ ಮುಗಿದು ಜನ ಕೈಕಾಲು ಚಾಚಿ ಕೂತ ಹೊತ್ತಿನಲ್ಲಿ ಯಾರಾದರೂ ಕೇಳುತ್ತಿದ್ದರು. ಅವನು ಹಡಗಿನಿಂದ ಶುರು ಮಾಡುತ್ತಿದ್ದ. ಹಡಗಿನ ಹೊಟ್ಟೆಯಲ್ಲಿ ಕುದುರೆಗಳು ನಿಂತೇ ನಿದ್ದೆ ಮಾಡಿದ್ದು, ನೀರಿಗಾಗಿ ಅವು ನಾಲಿಗೆಯಿಂದ ಕಬ್ಬಿಣ ನೆಕ್ಕಿದ್ದು, ಎಲ್ಲವನ್ನೂ ಹೇಳುತ್ತಿದ್ದ. ಆಮೇಲೆ, ಎದುರಿಗೆ ಕಾಲಾಳುಗಳು ಸಾಲುಗಟ್ಟಿ ನಿಂತಿದ್ದರು, ನಾವು ಈಟಿ ಮುಂದಕ್ಕೆ ಹಿಡಿದು ನಾಗಾಲೋಟದಲ್ಲಿ ಬಿಟ್ಟೆವು ಎನ್ನುತ್ತಿದ್ದ. ಇಲ್ಲಿಗೆ ಬಂದಾಗ ಎಲೆಯಡಿಕೆಯ ಚೀಲ ಬಿಚ್ಚುತ್ತಿದ್ದ. ಒಂದು ಎಲೆ ತೆಗೆದು ಪಂಚೆಗೆ ಹಿಂದೆ ಮುಂದೆ ಒರೆಸುತ್ತಿದ್ದ. ಸುಣ್ಣ ಹಚ್ಚುತ್ತಿದ್ದ.

ಉಳಿದದ್ದನ್ನು ಅವನ ಓರಗೆಯ ಕೆಂಪಯ್ಯ ಮುಗಿಸುತ್ತಿದ್ದ. "ತುಳ್ದಾಕ್ಬುಟ್ರು ಕಣ್ಲಾ. ರಾಗಿ ತುಳಿಸ್ದಂಗೆ." ಮೊದಲ ವರ್ಷ ತುಳಿತಕ್ಕೆ ಸಿಕ್ಕಿದವರು ಐವರು. ಮಗಳು ಬೆಟ್ಟಮ್ಮ ಹುಟ್ಟುವ ಹೊತ್ತಿಗೆ ಎಂಟು. ಅವಳಿಗೆ ಗಂಡು ನೋಡುವ ಹೊತ್ತಿಗೆ ಹನ್ನೆರಡಾಗಿ, ಅಲ್ಲಿಗೆ ನಿಂತಿತ್ತು. ಕರಿಯಯ್ಯ ಒಂದು ದಿನವೂ ಸುಳ್ಳು ಹೇಳಿರಲಿಲ್ಲ. ಅವನ ಬಾಯಲ್ಲಿ ಎಲೆಯಡಿಕೆ ಇರುತ್ತಿತ್ತು.

ಆ ಹನ್ನೆರಡು ಜನ ಅವನಿಗೆ ಬಹಳ ಉಪಕಾರ ಮಾಡಿದ್ದರು. ಪಂಚಾಯ್ತಿ ಸೇರಿದರೆ ಅವನ ಮಾತು ಕೊನೆಯದು. ನೀರಿನ ಸರದಿಯಲ್ಲಿ ಅವನ ಗದ್ದೆಗೆ ನೀರು ಹಾಯುವ ಮಡೆಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಬೆಟ್ಟಮ್ಮನನ್ನು ಅದೇ ಊರಿನ ಚಲುವರಾಜುವಿಗೆ ಕೇಳಿದಾಗ ಬೀಗರು, ಸವಾರನ ಮಗಳು ಅಂದರೆ ಸಾಕು, ಬೇರೆ ವಿಚಾರಿಸುವುದೇನಿದೆ ಎಂದಿದ್ದರು.

ಸಾವಿರದ ಒಂಬೈನೂರ ನಲವತ್ತೇಳರ ಆಗಸ್ಟಿನಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂತು. ಮೈಸೂರು ಸೀಮೆಗೆ ಅದು ಪೂರ್ತಿ ಬಂದಿಲ್ಲ, ಜನರ ಸರ್ಕಾರ ಆಗಬೇಕು ಎಂದು ಸೆಪ್ಟೆಂಬರಿನಲ್ಲಿ ಮತ್ತೆ ಬಾವುಟಗಳು ಹೊರಟವು. ಚಲುವರಾಜು ಒಂದು ಬಾವುಟ ಹಿಡಿದು ಮದ್ದೂರಿಗೆ ಹೋದವನು ಜೈಲು ಸೇರಿದ. ಹೊಂಗೆಕೊಪ್ಪಲಿನ ಗಂಡಸರಲ್ಲಿ ಅರ್ಧ ಜನ ಹೀಗೆ ಜೈಲಿನಲ್ಲಿದ್ದರು. ಉಳಿದರ್ಧ ಜನಕ್ಕೆ ಕೆಲಸವಿತ್ತು. ಆದ್ದರಿಂದ ಹೆಂಗಸರು ಹೋಗುವುದೆಂದಾಯಿತು. ಬರುವ ಸಂತೆಯ ದಿನ ಅಮಲ್ದಾರರ ಕಚೇರಿಯ ಮುಂದೆ ಬಾವುಟ ಹಿಡಿದು ನಿಲ್ಲುವುದು. ನಾಟಿ ಮುಗಿದಿತ್ತು, ಕಳೆ ಕೀಳುವುದಕ್ಕೆ ಇನ್ನೂ ನಾಲ್ಕು ದಿನವಿತ್ತು.

ಅಷ್ಟರಲ್ಲಿ ಮದ್ದೂರಿಗೆ ಎಂಟು ಕುದುರೆ ಬಂದಿವೆ ಎಂಬ ಸುದ್ದಿ ಬಂತು. ಯಾವುದೋ ಊರಿನಲ್ಲಿ ಸವಾರರು ಮೆರವಣಿಗೆಯ ಮೇಲೆ ಕುದುರೆ ಬಿಟ್ಟರಂತೆ, ಒಬ್ಬಳ ಸೊಂಟ ಮುರಿಯಿತಂತೆ.

ಸಂಜೆ ಇಪ್ಪತ್ತುಮೂರು ಹೆಂಗಸರು ಕರಿಯಯ್ಯನ ಜಗಲಿಯ ಮುಂದೆ ಬಂದು ನಿಂತರು. ಮುಂದೆ ಬೆಟ್ಟಮ್ಮ. ಪಕ್ಕದಲ್ಲಿ ದೇವಿರಮ್ಮ, ಊರಿನ ನಾಟಿ ಆಳುಗಳಿಗೆಲ್ಲ ಅವಳೇ ಹಿರಿಯಳು. ಜಗಲಿಯ ಮೇಲೆ ಕೆಂಪಯ್ಯ ಕೂತಿದ್ದ.

"ಅಪ್ಪ, ಕುದ್ರೆ ಮ್ಯಾಲ್ ಬಿದ್ರೆ ಯಾವ್ ಕಡೀಕ್ ಓಡ್ಬೇಕು ಏಳು," ಎಂದಳು ಬೆಟ್ಟಮ್ಮ. "ನಿಂಗೊತ್ತಿರೋದ ನಮ್ಗೂ ಒಸಿ ಏಳ್ಕೊಡು."

ಕರಿಯಯ್ಯ ಚೀಲ ಬಿಚ್ಚಿದ.

"ಅವ್ನೇನ್ ಏಳ್ತಾನೆ, ನಾನ್ ಏಳ್ತೀನ್ ಕೇಳವ್ವ," ಎಂದ ಕೆಂಪಯ್ಯ. "ಇವ್ನ್ ಕುದ್ರೆ ಅನ್ನೆರಡ್ ಜನ್ವ ತುಳೀತು. ನಿಂತಿದ್ದೋರೆಲ್ಲ ಸತ್ರು. ಬದುಕ್ದೋರು ಓಡ್ದೋರೇಯ. ಕುದ್ರೆ ಕಂಡೇಟ್ಗೆ ಓಡ್ಬುಡಿ."

ಕರಿಯಯ್ಯನ ಕೈಯಲ್ಲಿ ಎಲೆಯಿತ್ತು. ಅದನ್ನು ಬಾಯಿಗೆ ಹಾಕಿಕೊಂಡರೆ ಅವನ ಹೆಸರು ಇದ್ದ ಹಾಗೇ ಇರುತ್ತದೆ, ಮಗಳು ಸಂತೆಯ ದಿನ ಓಡುತ್ತಾಳೆ. ಅವನು ಎಲೆಯನ್ನು ಒಂದು ಕಡೆ ಒರೆಸಿದ. ಇನ್ನೊಂದು ಕಡೆ ಒರೆಸಿದ. ಆಮೇಲೆ ಚೀಲಕ್ಕೇ ಇಟ್ಟ.

"ನಿಂತ್ಬುಡ್ತು," ಎಂದ.

"ಯಾವ್ದು?"

"ನನ್ ಕುದ್ರೆ."

ಕೊಟ್ಟಿಗೆಯಲ್ಲಿ ಎತ್ತು ಬಾಲ ಬಡಿದದ್ದು ಕೇಳಿಸಿತು.

"ಲೇ ಕರಿಯ, ಬಾಯ್ಗೆ ಎಲೆ ಆಕ್ಕೊ," ಎಂದ ಕೆಂಪಯ್ಯ.

"ಕುದ್ರೆಗೇನ್ ಬುದ್ಧಿ ಇಲ್ವಾ, ಓಗಿ ಗ್ವಾಡೆಗ್ ಗುದ್ದಕ್ಕೆ? ಜನ ಒತ್ಕೊಂಡ್ ನಿಂತ್ರೆ ಅದ್ಕೆ ಗ್ವಾಡೆ. ಓಡ್ದ್ರೆ ದಾರಿ. ಸತ್ತೋರು ಓಡ್ದೋರು ಕಣವ್ವ. ನಿಂತೋರಲ್ಲ."

"ಅಂಗಾರೆ ಅನ್ನೆರಡ್ ಜನ?" ಎಂದಳು ದೇವಿರಮ್ಮ.

"ಅದು ಕೆಂಪಯ್ಯ ಏಳ್ತಿದ್ದುದ್ದು."

ಎಲ್ಲರೂ ಕೆಂಪಯ್ಯನ ಕಡೆ ತಿರುಗಿದರು. "ಅಲ್ಲ ಕಣ್ಲಾ," ಎಂದ ಅವನು, "ಇಷ್ಟ್ ವರ್ಸ ಏಳಿವ್ನಿ, ಒಂದಿನಾನಾದ್ರೂ ಇಲ್ಲ ಅಂದ್ಯಾ?" ಟವಲನ್ನು ಕೊಡವಿ ಹೆಗಲ ಮೇಲೆ ಹಾಕಿಕೊಂಡು ಮನೆಗೆ ಹೋದ. ಅವನ ನೋವು ನಿಜವಾದದ್ದು. ಆ ಯುದ್ಧದಲ್ಲಿ ಅವನದೂ ಪಾಲಿತ್ತು.

ಮಾರನೆಯ ಬೆಳಿಗ್ಗೆ ಕಾಲುವೆಯ ಏರಿಯ ಮೇಲೆ ಕರಿಯಯ್ಯ ಎತ್ತು ಹೊಡೆದುಕೊಂಡು ಹೋಗುತ್ತಿದ್ದಾಗ ಆಚೆ ಗದ್ದೆಯಿಂದ ಒಬ್ಬ ಕೇಳಿದ: "ಎತ್ತಾರ ಓಯ್ತವಾ ಕರಿಯಯ್ಯ, ಇಲ್ಲ ಅವೂ ನಿಂತ್ಕೊತವಾ?" ಹೆಸರಿನ ಹಿಂದಿನ ಸವಾರ್ ಆಗಲೇ ಹೋಗಿತ್ತು. ಒಂದು ರಾತ್ರಿ ಸಾಕಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಅವನ ಮಡೆಯನ್ನು ಯಾರೋ ಕಟ್ಟಿ ನೀರು ತಿರುಗಿಸಿಕೊಂಡಿದ್ದರು. ಅವನು ಅದನ್ನು ಬಿಚ್ಚಲಿಲ್ಲ. ಮದ್ದೂರಿಗೆ ನಡೆದು ಹೋಗಿ ಸ್ಟೇಷನ್ನಿನ ಮುಂದೆ ಜಟಕಾ ಹೊಡೆಯುವ ಸಿದ್ದರಾಮುವಿನ ಕುದುರೆಯನ್ನು ಕೇಳಿದ. ದಿನಾ ಮಧ್ಯಾಹ್ನದ ರೈಲು ಹೋದ ಮೇಲೆ ಒಯ್ದು ಸಂಜೆಯ ರೈಲಿಗೆ ಮೊದಲು ತಂದು ಕಟ್ಟುವುದೆಂದು ಮಾತಾಯಿತು.

ಕೆರೆಯ ಹಿಂದಿನ ಬಯಲಿನಲ್ಲಿ ಹೆಂಗಸರು ಕಾದಿದ್ದರು. ಅಲ್ಲೊಂದು ವೀರಗಲ್ಲಿದೆ. ಯಾವ ಕಾಲದ್ದೋ ಯಾರಿಗೂ ತಿಳಿಯದು. ಕುದುರೆ ಕಲ್ಲು ಎಂದು ಕರೆದು ಎಣ್ಣೆ ಹಚ್ಚುತ್ತಾರೆ. ಒಂದು ಕಡೆ ಈಟಿ ಊರಿದ ನಾಲ್ಕು ಜನ ಕಾಲಾಳುಗಳು, ಇನ್ನೊಂದು ಕಡೆ ಮುಂಗಾಲೆತ್ತಿದ ಕುದುರೆ, ಮೇಲೆ ಸವಾರ. ಕುದುರೆ ಅವರ ಮೇಲೆ ಹಾರುತ್ತಿದೆ ಎಂದೇ ಊರು ನಂಬಿತ್ತು. ಕರಿಯಯ್ಯನೂ ಊರಿಗೆ ಬಂದ ಮೊದಲ ವಾರ ಅದರ ಮುಂದೆ ನಿಂತು ನೋಡಿದ್ದ. ಆಮೇಲೆ ಆ ಕಡೆ ಹೆಚ್ಚಾಗಿ ಬಂದಿರಲಿಲ್ಲ.

"ಇದ್ರ ಕತ್ ನೋಡ್ರವ್ವ," ಎಂದ ಈಗ. "ಹಾರೋ ಕುದ್ರೆ ಕತ್ತ ಮುಂದ್ಕ್ ಚಾಚ್ತದೆ. ಇದು ಇಂದ್ಕ್ ಎಳ್ಕೊಂಡದೆ. ಇದ್ಕೆ ಓಗಾಕೆ ಇಷ್ಟ ಇಲ್ಲ. ಈ ಕಲ್ ಕೆತ್ತ್ದೋನು ಕುದ್ರೆ ನಿಂತಿದ್ದ ಕಣ್ಣಾರೆ ಕಂಡವ್ನೆ. ಸವಾರ್ನ ಮನೆಯೋರ್ಗೆ ಅದ ಏಳಿಲ್ಲ ಅಷ್ಟೇಯ."

ಹೆಂಗಸರು ಎಣ್ಣೆ ಹಚ್ಚಿ ಹಚ್ಚಿ ಕಪ್ಪಾಗಿದ್ದ ಕುದುರೆಯ ಕತ್ತನ್ನು ಮೊದಲ ಸಲ ನೋಡುವಂತೆ ನೋಡಿದರು.

ಸಾಲು ನಿಲ್ಲಿ ಎಂದ. ನಿಂತರು. ಹೆಗಲಿಗೆ ಹೆಗಲು ತಾಗಿ, ದಾರ ಹಿಡಿದಂತೆ ನೇರವಾಗಿ. ರಿಸಾಲೆಯಲ್ಲಿ ಗಂಡಸರಿಗೆ ಇದನ್ನು ಕಲಿಸಲು ಮೂರು ತಿಂಗಳು ಹಿಡಿದಿತ್ತು. ಇವರು ಹತ್ತು ವರ್ಷದ ಹುಡುಗಿಯರಾಗಿದ್ದಾಗಿನಿಂದ ನಾಟಿಯ ಕೆಸರಿನಲ್ಲಿ ಸಾಲು ನಿಂತವರು. ಅವನು ಜಟಕಾ ಕುದುರೆಯನ್ನು ಹತ್ತಿದ. ಮೊಣಕಾಲು ನೋಯುತ್ತಿತ್ತು. ಕುದುರೆಗೂ ಬೆನ್ನ ಮೇಲೆ ಮನುಷ್ಯ ಕೂತ ಅಭ್ಯಾಸವಿರಲಿಲ್ಲ. ಗಾಡಿ ಎಲ್ಲಿ ಎಂದು ಎರಡು ಸಲ ತಿರುಗಿ ನೋಡಿತು. ದೂರದಿಂದ ಓಡಿಸಿಕೊಂಡು ಬಂದ.

ಸಾಲು ಒಡೆಯಲಿಲ್ಲ. ಒಬ್ಬಳೂ ಓಡಲಿಲ್ಲ. ಇಡೀ ಸಾಲು ಇದ್ದ ಹಾಗೇ, ಒಂದು ಕೂದಲಿನಷ್ಟೂ ಬಿರುಕು ಬಿಡದೆ, ಹಿಂದಕ್ಕೆ ನಡೆಯಿತು. ಕುದುರೆಗೆ ಇದು ಹಿಡಿಸಿತು. ಜಟಕಾದಲ್ಲಿ ಎಂದೂ ಓಡದಷ್ಟು ಜೋರಾಗಿ ಓಡಿತು. ಕೆರೆಯ ಏರಿ ಬೆನ್ನಿಗೆ ತಾಗುವವರೆಗೆ ಸಾಲು ಹಿಂದೆ ಹೋಯಿತು.

"ಇಂದ್ಕೆ ಯಾಕ್ ಬಂದ್ರಿ?" ಎಂದ ಕರಿಯಯ್ಯ.

"ನಾವೆಲ್ ಬಂದೋ? ಸಾಲಲ್ಲೇ ಅವಿ," ಎಂದಳು ದೇವಿರಮ್ಮ.

ಮೂರು ಸಲ ಹೀಗೇ ಆಯಿತು. ಮೂರನೆಯ ಸಲ ಅವನಿಗೆ ಹೊಳೆಯಿತು. ಪೈರು ನೆಡುವವರು ನೆಟ್ಟದ್ದನ್ನು ತುಳಿಯದಂತೆ ಹಿಂದಕ್ಕೆ ಸರಿಯುತ್ತಾ ಹೋಗುತ್ತಾರೆ. ಸಾಲು ಎಂದರೆ ಇವರ ಕಾಲಿಗೆ ಹಿಂದಕ್ಕೆ ಎಂದೇ ಅರ್ಥ. ತಾವು ನಡೆದದ್ದು ಅವರಿಗೇ ಗೊತ್ತಿರಲಿಲ್ಲ.

ಎಲ್ಲರೂ ನೀರು ಕುಡಿಯಲು ಹೋದಾಗ ಬೆಟ್ಟಮ್ಮ ಅಪ್ಪನ ಹತ್ತಿರ ಬಂದು ಕೂತಳು. "ಒಂದ್ನಾಕ್ ಎಜ್ಜೆ ಇಂದ್ಕ್ ಬಂದ್ರೆ ಏನಪ್ಪ? ಓಡ್ನಿಲ್ವಲ್ಲ."

ಕರಿಯಯ್ಯ ಕುದುರೆಯ ಕಾಲನ್ನು ನೋಡುತ್ತಾ ಹೇಳಿದ. "ನನ್ ಕುದ್ರೆ ನಿಂತ್ ಮ್ಯಾಲೆ ಎದುರ್ಗೆ ಒಬ್ಬ ಇದ್ದ. ನಮ್ ಎಮ್ಮೆ ಮೇಯ್ಸೋ ಐಕ್ಳಂಗಿದ್ದ. ಗುಂಡು ಮುಗ್ದೋಗಿತ್ತು ಅವ್ನತ್ರ. ಬಂದೂಕ ಸುಮ್ಗೆ ನೀಡ್ಕೊಂಡ್ ನಿಂತಿದ್ದ. ನಡುಗ್ತಿದ್ದ. ನಾನೂ ನಡುಗ್ತಿದ್ದೆ. ಕುದ್ರೆ ಒಂದೇ ಸುಮ್ಗಿತ್ತು."

"ಆಮ್ಯಾಕೆ?"

"ಇಂದ್ಕೆ ಒಂದೆಜ್ಜೆ ಇಟ್ಟ."

ಬೆಟ್ಟಮ್ಮ ಅಪ್ಪನ ಮುಖ ನೋಡಿದಳು.

"ಅಷ್ಟೇ ಕಣವ್ವ. ಕುದ್ರೆಗೆ ಅಷ್ಟೇ ಸಾಕಾಯ್ತು."

ಅವಳು ಕೇಳಿದಳು: "ಕೆಂಪಯ್ಯ ಏಳೋ ಅನ್ನೆರಡ್ರಲ್ಲಿ ಅವ್ನೂ ಇದ್ನಾ?"

"ಅವ್ನೊಬ್ನೇಯ ಇದ್ದುದ್ದು."

ಬೆಟ್ಟಮ್ಮ ಎದ್ದು ದೇವಿರಮ್ಮನ ಹತ್ತಿರ ಹೋಗಿ ಏನೋ ಹೇಳಿದಳು. ದೇವಿರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸಾಲಿನ ಕಡೆ ತಿರುಗಿದಳು. "ಇದು ನಾಟಿ ಅಲ್ಲ ಕಣ್ರವ್ವ. ಕಳೆ ಅಂದ್ಕೊಳ್ಳಿ." ಕಳೆ ಕೀಳುವವರು ಮುಂದಕ್ಕೆ ಹೋಗುತ್ತಾರೆ.

ಈ ಸಲ ಕುದುರೆ ಹತ್ತಿರ ಬರುತ್ತಿದ್ದಂತೆ ಸಾಲು ಒಂದು ಹೆಜ್ಜೆ ಅದರ ಕಡೆಗೇ ಇಟ್ಟಿತು. ಇಪ್ಪತ್ತುಮೂರು ಹೆಂಗಸರು ತನ್ನ ಮೇಲೆ ಬರುವುದನ್ನು ಕುದುರೆ ಒಪ್ಪಲಿಲ್ಲ. ನಾಲ್ಕು ಕಾಲನ್ನೂ ಊರಿ ನಿಂತು ಎಡಕ್ಕೆ ತಿರುಗಿತು. ಕರಿಯಯ್ಯ ತಿರುಗಲಿಲ್ಲ, ನೇರವಾಗಿ ಹೋಗಿ ಹುಲ್ಲಿನ ಮೇಲೆ ಬಿದ್ದ. ಯುದ್ಧದಲ್ಲೂ ಅವನು ಬಿದ್ದಿರಲಿಲ್ಲ. ದೇವಿರಮ್ಮ ನಗುವವರೆಗೆ ಯಾರೂ ನಗಲಿಲ್ಲ.

"ಸರಿಯಾಯ್ತು," ಎಂದ ಅವನು, ಬಿದ್ದಲ್ಲಿಂದಲೇ.

ಸಂತೆಯ ದಿನ ಮದ್ದೂರಿನ ಕಚೇರಿ ಬೀದಿಯ ಎರಡೂ ಕಡೆ ಜನ ಗೋಡೆಗೆ ಅಂಟಿಕೊಂಡು ನಿಂತಿದ್ದರು. ಕರಿಯಯ್ಯ ಅಕ್ಕಿ ಗಿರಣಿಯ ಪಕ್ಕದಲ್ಲಿ ನಿಂತ. ಬೀದಿಗೆ ಅಡ್ಡಲಾಗಿ ಹೆಂಗಸರು, ಗಿರಣಿಯ ಕಡೆಯ ತುದಿಯಲ್ಲಿ ಬಾವುಟದೊಂದಿಗೆ ಬೆಟ್ಟಮ್ಮ. ಬೀದಿಯ ಆಚೆ ಕೊನೆಯಲ್ಲಿ ಎಂಟು ಕುದುರೆಗಳು. ಚೆನ್ನಾಗಿ ಮೇಯಿಸಿದ, ಮೈ ಮಿನುಗುವ ಕುದುರೆಗಳು, ಜಟಕಾದವಲ್ಲ. ಕರಿಯಯ್ಯನಿಗೆ ಆಗ ಮೊದಲ ಸಲ ತಾನು ಹೇಳಿಕೊಟ್ಟದ್ದು ಸರಿಯೋ ತಪ್ಪೋ ಎಂಬ ಅನುಮಾನ ಬಂತು. ಯುದ್ಧದಲ್ಲಿ ತಾನು ಕಂಡದ್ದು ಒಂದು ಕುದುರೆ ನಿಂತದ್ದು. ಒಂದೇ ಒಂದು.

ಸವಾರರಲ್ಲಿ ಮುಂದಿದ್ದವನು ಕೈ ಬೀಸಿದ. ಕುದುರೆಗಳು ನಡಿಗೆಯಿಂದ ಕುಕ್ಕೋಟಕ್ಕೆ ಬಂದವು, ಆಮೇಲೆ ಓಟಕ್ಕೆ. ಲಾಳದ ಸದ್ದು ಬೀದಿ ತುಂಬಿತು. ಕರಿಯಯ್ಯ ಕುದುರೆಗಳನ್ನು ನೋಡಲಿಲ್ಲ. ಮಗಳ ಬಲಗಾಲಿನ ಹಿಮ್ಮಡಿಯನ್ನು ನೋಡುತ್ತಿದ್ದ. ಅದರಲ್ಲಿ ಗದ್ದೆಯ ಕೆಸರು ಕಚ್ಚಿದ ಬಿರುಕುಗಳಿದ್ದವು. ಹಿಮ್ಮಡಿ ನೆಲದಿಂದ ಎದ್ದಿತು. ಗಾಳಿಯಲ್ಲಿ ಒಂದು ಗಳಿಗೆ ನಿಂತಿತು. ಎದ್ದ ಜಾಗಕ್ಕೇ ಇಳಿಯಿತು.

ಸದ್ದು ನಿಂತಾಗಲೇ ಅವನು ತಲೆಯೆತ್ತಿದ್ದು. ಕುದುರೆಗಳು ಮೂರು ಮಾರು ದೂರದಲ್ಲಿ ಕತ್ತು ಹಿಂದಕ್ಕೆಳೆದು, ಒಂದಕ್ಕೊಂದು ಒರಗಿ ನಿಂತಿದ್ದವು. ಸವಾರರು ಹಿಮ್ಮಡಿಯಿಂದ ಅವುಗಳ ಪಕ್ಕೆ ಒದೆಯುತ್ತಿದ್ದರು.

"ಕಳೆ," ಎಂದಳು ದೇವಿರಮ್ಮ, ಗದ್ದೆಯಲ್ಲಿ ಹೇಳುವಷ್ಟೇ ಮೆಲ್ಲಗೆ.

ಸಾಲು ಮುಂದಕ್ಕೆ ಒಂದು ಹೆಜ್ಜೆ ಇಟ್ಟಿತು. ಕುದುರೆಗಳು ಹಿಂದಕ್ಕೆ ಸರಿದವು. ಇನ್ನೊಂದು ಹೆಜ್ಜೆ. ಒಂದು ಕುದುರೆ ಅಡ್ಡ ತಿರುಗಿ ಗಿರಣಿಯ ಗೋಡೆಗೆ ಬಂದು ಒತ್ತಿಕೊಂಡಿತು. ಅದರ ಮೇಲೆ ಮೀಸೆ ಸರಿಯಾಗಿ ಬಾರದ ಸವಾರ. ಕುದುರೆ ಅವನ ಕಾಲನ್ನು ಗೋಡೆಗೆ ಉಜ್ಜುತ್ತಿತ್ತು. ಕರಿಯಯ್ಯ ಹೋಗಿ ಲಗಾಮನ್ನು ಬಾಯಿಯ ಹತ್ತಿರ ಹಿಡಿದು, ಕುದುರೆಯ ಮೂಗಿನ ಮೇಲೆ ಅಂಗೈ ಇಟ್ಟ. ಅದು ಸುಮ್ಮನಾಯಿತು.

"ರಿಸಾಲೆಯೋರಾ ನೀವು?" ಎಂದ ಸವಾರ, ಅವನ ಕೈ ನೋಡಿ.

"ಇದ್ದೆ."

"ನಿಮ್ ಕುದ್ರೇನೂ ಇಂಗ್ ನಿಂತಿತ್ತಾ?"

ಸಂತೆಯ ಜನ ಕೇಳಿಸಿಕೊಳ್ಳುತ್ತಿದ್ದರು. ಅವರಲ್ಲಿ ಸುತ್ತಮುತ್ತಲ ಏಳು ಹಳ್ಳಿಯವರಿದ್ದರು.

"ನಿಂತಿತ್ತು," ಎಂದ ಕರಿಯಯ್ಯ. "ಬೈಬ್ಯಾಡ ಅದ್ನ."

ಅಷ್ಟರಲ್ಲಿ ಸಾಲು ಕಚೇರಿಯ ಬಾಗಿಲನ್ನು ದಾಟಿತ್ತು. ನಿಲ್ಲಬೇಕೆಂದುಕೊಂಡಿದ್ದ ಜಾಗ ಅದೇ. ಆದರೆ ಮುಂದೆ ಏಳು ಕುದುರೆಗಳು ಹಿಂದಕ್ಕೆ ಸರಿಯುತ್ತಲೇ ಇದ್ದವು, ಆದ್ದರಿಂದ ಹೆಂಗಸರೂ ಹೋಗುತ್ತಲೇ ಇದ್ದರು.

"ಅವ್ರ ನಿಲ್ಲಾಕ್ ಏಳಿ ಯಜಮಾನ್ರೆ," ಎಂದ ಸವಾರ.

"ಅದ ನಾನ್ ಏಳ್ಕೊಟ್ಟಿಲ್ಲ ಕಣಪ್ಪ," ಎಂದ ಕರಿಯಯ್ಯ.

ಅವನು ಕುದುರೆಯನ್ನು ಹಿಡಿದುಕೊಂಡು ಸಾಲಿನ ಪಕ್ಕದಲ್ಲೇ ನಡೆದ. ಬೆಟ್ಟಮ್ಮ ಒಂದು ತೋಳಿನಷ್ಟು ದೂರದಲ್ಲಿದ್ದಳು. ಅವಳ ಹಣೆಯಿಂದ ಬೆವರು ಕಣ್ಣಿಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಅಪ್ಪನ ಕಡೆ ತಿರುಗಲೂ ಇಲ್ಲ. ಸಾಲಿನಲ್ಲಿದ್ದವರು ಪಕ್ಕಕ್ಕೆ ನೋಡಬಾರದು ಎಂದು ಹೇಳಿಕೊಟ್ಟವನು ಅವನೇ.