ಕಲಶದೊಳಗೆ ಅವ್ವನ ಹೆಸರು

ಚಾಚಾನ ಬಲಗೈ ಹೆಬ್ಬೆರಳಿನ ತುದಿ ಸೀಸ ಮೆತ್ತಿ ಕರ್ರಗಾಗಿತ್ತು. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಇಳಕಲ್ಲಿನಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಈಚೆ ಅವ್ವನ ಮಗ್ಗ ಸದ್ದು ಮಾಡುತ್ತಿದ್ದರೆ ಆಚೆಯಿಂದ, "ತಂಗೆವ್ವಾ, ಒಂಚೂರು ದಣಿವಾರಿಸ್ಕೋ" ಎಂದು ಕೂಗುತ್ತಿದ್ದರು.

ಊರಿನ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವುದು ಅವರ ಕೆಲಸ. ಒಂದೊಂದೇ ಸೀಸದ ಅಕ್ಷರ ಹೆಕ್ಕಿ, ಒಂದು ಸಾಲು ಹಿಗ್ಗಿಸಿ, ಇನ್ನೊಂದು ಕುಗ್ಗಿಸಿ, ಬರಹವನ್ನೇ ದೀಪವಾಗಿ, ತೊಟ್ಟಿಲಾಗಿ, ಕಲಶವಾಗಿ ನಿಲ್ಲಿಸುವವರು ನಮ್ಮ ಸುತ್ತಿನಲ್ಲಿ ಇನ್ನೊಬ್ಬರಿರಲಿಲ್ಲ. ಮೊದಲು ಕಾಗದದ ಮೇಲೆ ಆಕಾರ ಬರೆದು, ಪ್ರತಿ ಸಾಲಿಗೂ ನೂಲು ಹಿಡಿದು ಅಳೆಯುತ್ತಿದ್ದರು. ಆ ನೂಲು ಅವ್ವನ ಮಗ್ಗದ್ದು. "ಅಕ್ಷರ ಸರದು ಕುಂದರ್ತಾವ, ಸಮಾಧಾನ ಬೇಕಷ್ಟ" ಎನ್ನುತ್ತಿದ್ದರು.

ಎಪ್ಪತ್ತರ ದಶಕದ ಕೊನೆಗೆ ನನ್ನ ಮದುವೆ ಗೊತ್ತಾಯಿತು. ನಾನು ಕೂಸಿದ್ದಾಗಲೇ ಅಪ್ಪ ತೀರಿಹೋಗಿದ್ದ. ಸೀರೆ ನೇಯ್ದು ನನ್ನನ್ನು ಸಾಕಿದವಳು ಅವ್ವ. ಲಗ್ನಪತ್ರಿಕೆ ಬರೆದವರು ಮಾತ್ರ ದೊಡ್ಡಪ್ಪ. ಅದು ಕಲಶದ ಆಕಾರದಲ್ಲೇ ಇರಬೇಕೆಂದು ಅವರ ಹಟ. ಮಾವಂದಿರು, ಅಳಿಯಂದಿರು, ಶಿರೂರಿನ ಬೀಗರ ಬೀಗರು, ಎಲ್ಲರೂ ಅದರಲ್ಲಿದ್ದರು. ಅವ್ವ ಇರಲಿಲ್ಲ.

ಕರಡು ಹಿಡಿದುಕೊಂಡು ಚಾಚಾ ಮನೆಗೇ ಬಂದರು. "ನಿನ್ನ ಹೆಸರ ಎಲ್ಲೈತಿ, ತಂಗೆವ್ವಾ?"

"ಕಲಶದಾಗ ಜಾಗಾ ಸಾಲೂದಿಲ್ಲಂತ್ರಿ, ಅಣ್ಣಾರ." ಅವ್ವ ಮಗ್ಗದಿಂದ ತಲೆ ಎತ್ತಲಿಲ್ಲ.

"ಜಾಗಾ ಸಾಲೂದಿಲ್ಲಂತ ನನಗ ಹೇಳಾಕ ಅಂವ ಯಾರ?"

ಮರುದಿನ ಪ್ರೂಫ್ ನೋಡಲು ದೊಡ್ಡಪ್ಪನ ಜೊತೆ ನಾನೂ ಅಚ್ಚುಕೂಟಕ್ಕೆ ಹೋದೆ. ಕಲಶದ ಹೊಟ್ಟೆಯ ಎಲ್ಲಕ್ಕಿಂತ ಅಗಲವಾದ ಸಾಲಿನಲ್ಲಿ ಅವ್ವನ ಹೆಸರು! ದೊಡ್ಡಪ್ಪ ಕೆಂಡವಾದರು. "ಗಂಡ ಸತ್ತಾಕಿ ಹೆಸರು ಶುಭಕಾರ್ಯದ ಕಾರ್ಡಿನ್ಯಾಗ ಬರ್ತೈತೇನು? ತಗೀರಿ ಮೊದಲ!"

"ಹಂಗಾರ ಜಾಗಾ ಇಲ್ಲಂತ ಯಾಕ ಸುಳ್ಳ ಹೇಳಿದ್ರಿ, ಯಜಮಾನ್ರ?" ಎಂದರು ಚಾಚಾ. "ನನ್ನ ಕೆಲಸದ ಮ್ಯಾಲ ಹಾಕಿ ಆಕಿನ್ನ ಹೊರಗ ಇಡ್ತೀರೇನು?"

ದಿನಾ ಮುಂಜಾನೆ ಶರಣರ ವಚನ ಹೇಳುವ ಬಾಯಿ ನಮ್ಮ ದೊಡ್ಡಪ್ಪನದು. ಥೂ! ಇಂದಿಗೂ ನೆನೆದರೆ ಮೈ ಉರಿಯುತ್ತದೆ. ಅಂದು ತುಟಿ ಬಿಚ್ಚದ ನನ್ನ ಮೇಲೂ ಅಷ್ಟೇ ಸಿಟ್ಟಿದೆ.

ಚಾಚಾ ಆ ಸಾಲು ಮುಟ್ಟದೆ ಕೈಕಟ್ಟಿ ನಿಂತರು. ಅಚ್ಚುಕೂಟದ ಮಾಲೀಕರು ತಾವೇ ಅದನ್ನು ಕೀಳಲು ಹೋದರು. ಮೊಳೆ ಬಿಗಿದಿದ್ದ ಚೌಕಟ್ಟು ಸಡಿಲಿದ್ದೇ ತಡ, ಕಲಶ ಕುಸಿದು ಅಕ್ಷರಗಳೆಲ್ಲ ನೆಲದ ತುಂಬ ಚೆಲ್ಲಿದವು. ಮದುವೆಗೆ ಉಳಿದ ದಿನ ಕಡಿಮೆ, ಅದನ್ನು ಮತ್ತೆ ಕಟ್ಟಬಲ್ಲವರು ಒಬ್ಬರೇ.

"ಕಟ್ಟತೇನ್ರಿ," ಎಂದರು ಚಾಚಾ. "ಆಕಿ ಹೆಸರಿದ್ರಷ್ಟ."

ಕಟ್ಟಿದರು. ಅಚ್ಚಾಯಿತು. ಮದುವೆಯಾದ ಮರುವಾರವೇ ಮಾಲೀಕರು ಅವರನ್ನು ಕೆಲಸದಿಂದ ತೆಗೆದರು. ಆಮೇಲೆ ದಿನಾ ಬಸ್ಸು ಹಿಡಿದು ಹುನಗುಂದಕ್ಕೆ ಹೋಗಿ, ಅಲ್ಲೊಂದು ಸಣ್ಣ ಅಚ್ಚುಕೂಟದಲ್ಲಿ ಕರಪತ್ರ ಜೋಡಿಸಿದರು. ತವರಿಗೆ ಬಂದಾಗ ನಾನು ಅತ್ತರೆ, "ಹುಚ್ಚವ್ವಾ, ಕಲಶ ಚಂದ ಬಂತಿಲ್ಲೋ?" ಎಂದು ನಕ್ಕರು.

ಕೆಲವೇ ವರ್ಷಗಳಲ್ಲಿ ಎದೆನೋವು ಬಂದು ಹೋಗಿಬಿಟ್ಟರು. ನಾನು ಬಾದಾಮಿಯ ಗಂಡನ ಮನೆಯಿಂದ ಬರುವಷ್ಟರಲ್ಲಿ ಮಣ್ಣು ಮುಗಿದಿತ್ತು. ಓದು ಬಾರದ ಅವ್ವ ಆ ಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು, ಚಾಚಾ ತೋರಿಸಿಕೊಟ್ಟಿದ್ದ ತನ್ನ ಹೆಸರಿನ ಸಾಲಿನ ಮೇಲೆ ಬೆರಳಿಟ್ಟು ಕೂತಿದ್ದಳು.

"ಇದ್ರಾಗ ಅಣ್ಣಾರ ಹೆಸರ ಎಲ್ಲೈತಿ, ಓದಿ ಹೇಳವ್ವಾ."

ತೀರ ಕೆಳಗೆ ಮುದ್ರಕರ ಹೆಸರಿತ್ತು, ಅವ್ವನ ಸಾಲು ಕೀಳಲು ಹೋದ ಆ ಮಾಲೀಕರದು. ಚಾಚಾನ ಹೆಸರಿಗೆ ಇಡೀ ಕಾರ್ಡಿನಲ್ಲಿ ಜಾಗವಿರಲಿಲ್ಲ.