ಮರಿಲಿಂಗಮ್ಮನಿಗೆ ಬಂದ ಒಳ್ಳೆಯತನ

ಸುರಪುರದ ನಮ್ಮ ಓಣಿಯಲ್ಲಿ ಮರಿಲಿಂಗಮ್ಮನ ಬಾಯಿಂದ ಬೈಸಿಕೊಳ್ಳದವರು ಯಾರಾದರೂ ಇದ್ದರೆ ಅವರು ಇನ್ನೂ ಹುಟ್ಟಿಲ್ಲ. ಮೂವತ್ತೊಂದು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಹೇಳಿದ ನಾನು ಆಕೆಯ ಪಾಲಿಗೆ ಬರೀ "ಖೋಡಿ ಮಾಸ್ತರ". ನನ್ನ ತಪ್ಪು ಇಷ್ಟೇ, ನಮ್ಮ ಬೇವಿನ ಎಲೆ ಗೋಡೆ ದಾಟಿ ಆಕೆಯ ಅಂಗಳಕ್ಕೆ ಉದುರುತ್ತಿತ್ತು. ಬೇವಿಗೆ ನಾನು ಹೇಳಿಕೊಟ್ಟಿದ್ದೆನೇ?

ಗಂಡ ಸತ್ತ ಮೇಲೆ ನಲವತ್ತು ವರ್ಷ ಆಕೆ ಚುರುಮುರಿ ಭಟ್ಟಿ ನಡೆಸಿದಳು. ಭತ್ತದ ಹೊಟ್ಟಿನ ಬೆಂಕಿ, ಕಾದ ಉಸುಕು, ಮುಖದ ತುಂಬ ಹೊಗೆ. ಆ ಹೊಗೆ ಕುಡಿದುಕೊಂಡೇ ಮಗ ಹಣಮಂತ್ರಾಯನನ್ನು ಓದಿಸಿದಳು, ಅವನು ಕಡೇಚೂರಿನ ಕಾರ್ಖಾನೆ ಸೇರಿದ ಮೇಲೆ ಹತ್ತಿಕುಣಿಯಿಂದ ಸೊಸೆ ತಂದಳು. ಸೊಸೆ ಮಲ್ಲೇಶ್ವರಿಗೆ ಹದಿನೆಂಟು ವರ್ಷದಲ್ಲಿ ಸಿಕ್ಕಿದ್ದು ಬೈಗುಳ ಒಂದೇ. ರೊಟ್ಟಿ ತೆಳ್ಳಗಾದರೆ "ಹಪ್ಪಳ ಮಾಡಿಯೇನ?" ದಪ್ಪಗಾದರೆ "ಸಗಣಿ ಕುಳ್ಳು ತಟ್ಟಿಯೇನ?" ಒಮ್ಮೆ ನನ್ನ ಹೆಂಡತಿಯ ಮುಂದೆ ಮಲ್ಲೇಶ್ವರಿ ಕಣ್ಣೀರು ಹಾಕಿದ್ದಳು.

"ಬಂಗಾರ ಬ್ಯಾಡ್ರಿ ಅಕ್ಕಾ, ಸೀರಿ ಬ್ಯಾಡ. ಅತ್ತಿ ಬಾಯಾಗಿಂದ ಒಂದು ಒಳ್ಳೆ ಮಾತು ಬಂದ್ರ ಸಾಕು."

ಬಂತು. ಹೋದ ವರ್ಷ ದೀಪಾವಳಿ ಮುಗಿದ ವಾರದಲ್ಲಿ ಮರಿಲಿಂಗಮ್ಮ ಇದ್ದಕ್ಕಿದ್ದಂತೆ ಬೈಯುವುದನ್ನು ಬಿಟ್ಟಳು. ಕಟ್ಟೆಯ ಮೇಲೆ ಕೂತು, "ಬರ್ರಿ ಮಾಸ್ತರ, ಚಾ ಕುಡೀರಿ" ಎಂದಳು. ಹೆದರಿ ಮನೆಯೊಳಗೆ ಹೋಗಿ ಚಿಲಕ ಹಾಕಿಕೊಂಡೆ. ಸೊಸೆಯ ಗಲ್ಲ ಸವರಿ, "ನನ್ನವ್ವಾ, ನೀ ಬಂದು ಮನಿ ಬೆಳಗಿಸಿದಿ" ಎಂದಳಂತೆ. ಮರಿಲಿಂಗಮ್ಮನ ತುಟಿಗಳು ನೀಲಿಯಾಗಿದ್ದವು. ನೇರಳೆ ಹಣ್ಣು ತಿಂದಿರಬೇಕು ಅಂದುಕೊಂಡೆವು. ಕಾರ್ತಿಕದಲ್ಲಿ ನೇರಳೆ ಎಲ್ಲಿಂದ ಬರಬೇಕು ಎಂದು ಮಾಸ್ತರನಾದ ನನಗೂ ಹೊಳೆಯಲಿಲ್ಲ. ಮಲ್ಲೇಶ್ವರಿಯಂತೂ ಇದು ತಿಂಥಣಿ ಮೌನಪ್ಪಯ್ಯನ ಮಹಿಮೆ ಎಂದು ಅವನ ಗುಡಿಯಲ್ಲಿ ಕಾಯಿ ಒಡೆಸಿ ಬಂದು ಓಣಿಗೆಲ್ಲ ಸಕ್ಕರೆ ಹಂಚಿದಳು. ನಾನೂ ತಿಂದೆ, ಸುಳ್ಳೇಕೆ ಹೇಳಲಿ.

ನಾಲ್ಕನೆಯ ದಿನ ಮರಿಲಿಂಗಮ್ಮ ಯಾರದೋ ಆಡಿನ ಕೊರಳು ತಬ್ಬಿ, "ನೂರು ವರ್ಷ ಬಾಳು" ಎನ್ನುತ್ತ ಅಲ್ಲೇ ವಾಲಿದಳು. ಬಾಷುಮಿಯಾನ ಆಟೋದಲ್ಲಿ ಹಾಕಿಕೊಂಡು ಶಹಾಪುರದ ದವಾಖಾನೆಗೆ ಓಡಿದೆವು. ಡಾಕ್ಟರಮ್ಮ ಆಕ್ಸಿಜನ್ ಅಳೆಯುವ ಕ್ಲಿಪ್ಪು ಬೆರಳಿಗೆ ಸಿಕ್ಕಿಸಿದಳು. ನೂರರ ಹತ್ತಿರ ಇರಬೇಕಾದದ್ದು ಎಪ್ಪತ್ತೊಂದು ತೋರಿಸಿತು.

"ಹೊಗೆಯಿಂದ ಪುಪ್ಪುಸ ಕೆಟ್ಟಿದೆ. ರಕ್ತದಲ್ಲಿ ಆಕ್ಸಿಜನ್ ಇಲ್ಲ, ಅದಕ್ಕೇ ತುಟಿ ನೀಲಿ. ಮೆದುಳಿಗೆ ಆಕ್ಸಿಜನ್ ಸಾಲದಿದ್ದರೆ ಮನುಷ್ಯರ ಸ್ವಭಾವವೇ ಬದಲಾಗುತ್ತದೆ. ಕೆಲವರು ಜಗಳ ತೆಗೆಯುತ್ತಾರೆ, ಕೆಲವರು ಸುಮ್ಮಸುಮ್ಮನೆ ನಗುತ್ತಾರೆ. ನಿಮ್ಮ ಅತ್ತೆಗೆ ಏನಾಗಿತ್ತು?"

"ಒಳ್ಳೇಕಿ ಆಗಿದ್ದಳ್ರಿ" ಎಂದಳು ಮಲ್ಲೇಶ್ವರಿ. ಅವಳ ಮುಖ ನೋಡಲಾಗಲಿಲ್ಲ.

ವಾರದ ಮೇಲೆ ಮನೆಗೆ ಮಶೀನು ಬಂತು, ಕೋಣೆಯ ಗಾಳಿಯಿಂದಲೇ ಆಕ್ಸಿಜನ್ ಸೋಸಿ ಮೂಗಿಗೆ ಬಿಡುವಂಥದ್ದು. ಕರೆಂಟು ಹೋದರೆ ಇರಲಿ ಎಂದು ಒಂದು ಸಣ್ಣ ಸಿಲಿಂಡರು. ಎಂಬತ್ತೆಂಟರಿಂದ ತೊಂಬತ್ತೆರಡರೊಳಗೆ ಇರಲಿ, ಈ ರೋಗಕ್ಕೆ ಆಕ್ಸಿಜನ್ ಹೆಚ್ಚಾದರೂ ಅಪಾಯ, ಹತ್ತಿರ ಬೆಂಕಿ ಬೇಡ ಎಂದು ಡಾಕ್ಟರಮ್ಮ ಮೂರು ಸಲ ಹೇಳಿದ್ದಳು. ನಳಿಗೆ ಮೂಗಿಗೇರಿದ ಅರ್ಧ ತಾಸಿಗೆ, "ಎತ್ತಿಗೆ ಹಾಕ್ದಂಗ ಮೂಗುದಾರ ಹಾಕೀರೇನ ಭಾಡ್ಯಾಗಳಿರಾ" ಎಂಬ ಕೂಗು ಕೇಳಿತು. ಓಣಿ ನಿಟ್ಟುಸಿರು ಬಿಟ್ಟಿತು. ಅಂದಿನಿಂದ ನಮ್ಮ ಕಾಯಿದೆ ಇದು: ಮರಿಲಿಂಗಮ್ಮ ಬೈದರೆ ಕ್ಷೇಮ, ಹರಸಿದರೆ ಸಿಲಿಂಡರಿಗೆ ಓಡಬೇಕು.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಮಲ್ಲೇಶ್ವರಿ ನಮ್ಮ ಮನೆಗೆ ಬಂದು ಬಾಗಿಲಲ್ಲೇ ಕುಸಿದಳು.

"ಕರೆಂಟ್ ಹೋಗಿತ್ತು ಮಾಸ್ತರ. ಅತ್ತಿ 'ನನ್ನ ಮಗಳ, ನನ್ನ ಮಗಳ' ಅನ್ನಾಕತ್ತಿದ್ಳು. ಸಿಲಿಂಡರ್ ಕೈಯಾಗ ಇತ್ತರಿ. ಇನ್ನೆರಡು ಮಾತು ಕೇಳೂಣು ಅಂತ ತಡ ಮಾಡ್ದೆ. ಎಪ್ಪತ್ತಾರಕ್ಕ ಇಳೀತು. ನಾ ಎಂಥಾ ಪಾಪಿ ಇದೀನ್ರಿ!"

ಆಮೇಲೆ ಸಿಲಿಂಡರು ಜೋಡಿಸಿದ್ದಳು, ಆಕ್ಸಿಜನ್ ಏರಿತ್ತು, ಗೋಡೆಯಾಚೆಯಿಂದ ಬೈಗುಳವೂ ಕೇಳುತ್ತಿತ್ತು. ಅವಳನ್ನು ಎಬ್ಬಿಸಿ ಒಳಗೆ ಕೂಡಿಸಿದೆ. ನೀರು ಕೊಟ್ಟೆ.

ಹೋದ ಸೋಮವಾರ ನಾನು ಆ ಮನೆಯಲ್ಲೇ ಇದ್ದೆ. ಮಶೀನು ಗುಂಯ್ ಎನ್ನುತ್ತಿತ್ತು. ಮಲ್ಲೇಶ್ವರಿ ಸಜ್ಜೆ ರೊಟ್ಟಿ, ಪುಂಡಿಪಲ್ಲೆ ತಂದಿಟ್ಟಳು. ಮರಿಲಿಂಗಮ್ಮ ತಾಟು ಸೊಸೆಯ ಕಡೆ ಸರಿಸಿ ಅಂದಳು:

"ನಿನ್ನ ಪುಣ್ಯೇದಿಂದ ಉಸಿರಾಡಾಕತ್ತೀನಿ, ಮಲ್ಲಿ. ಮೊದಲ ನೀ ಉಣ್ಣು."

ಮಲ್ಲೇಶ್ವರಿ ಕಿಟಾರನೆ ಕಿರುಚಿ ಕ್ಲಿಪ್ಪು ಹಿಡಿದು ಬಂದಳು. ಅತ್ತೆಯ ಬೆರಳಿಗೆ ಹಾಕಿದರೆ ತೊಂಬತ್ತೊಂದು. ನಂಬದೆ ತನ್ನ ಬೆರಳಿಗೆ ಹಾಕಿಕೊಂಡಳು, ತೊಂಬತ್ತೆಂಟು. ನನ್ನ ಬೆರಳನ್ನೂ ಬಿಡಲಿಲ್ಲ. ಮತ್ತೆ ಅತ್ತೆಗೆ ಹಾಕಿದಳು, ತೊಂಬತ್ತೊಂದೇ. ನಳಿಗೆ ಜಗ್ಗಿ ನೋಡಿ, ಮಶೀನು ಬಡಿದು, ಡಾಕ್ಟರಮ್ಮನಿಗೆ ಫೋನು ಹಚ್ಚಿದಳು.

"ತೊಂಬತ್ತೊಂದು ಚೆನ್ನಾಗಿಯೇ ಇದೆಯಲ್ಲ. ತೊಂದರೆ ಏನು?" ಎಂದಳು ಅತ್ತ ಡಾಕ್ಟರಮ್ಮ.

"ಹೊಗಳಾಕತ್ತಾಳ್ರಿ ಮೇಡಂ!"

ನನಗೆ ನಗು ತಡೆಯಲಾಗಲಿಲ್ಲ. ಮರಿಲಿಂಗಮ್ಮ ನಗಲಿಲ್ಲ. ಸೊಸೆಯ ಮುಂಗೈ ಹಿಡಿದಳು.

"ನನಗ ಎಚ್ಚರ ಅದ, ಬುದ್ಧಿನೂ ಅದ. ತಿಳಕೊಂಡೇ ಅಂದೀನಿ. ಒಂದು ಒಳ್ಳೆ ಮಾತಂದ್ರ ಅತ್ತಿ ಸಾಯಾಕತ್ತಾಳ ಅಂತ ಓಡ್ತೀಯಲ್ಲ, ಅಷ್ಟು ಕೆಟ್ಟಾಕಿ ಇದ್ದೆನೇನವ್ವ ನಾ?"

ಮಲ್ಲೇಶ್ವರಿ ಫೋನು ಕೆಳಗಿಟ್ಟಳು. ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಗಟ್ಟಿಯಾಗಿ ಅತ್ತಳು. ನೆಲದ ಮೇಲಿದ್ದ ಫೋನಿನಲ್ಲಿ ಡಾಕ್ಟರಮ್ಮ ಇನ್ನೂ ಹಲೋ ಹಲೋ ಎನ್ನುತ್ತಿದ್ದಳು. ಪೇಷಂಟು ಚೆನ್ನಾಗಿದ್ದಾಳೆ ಎಂದು ಹೇಳಿ ನಾನೇ ಕಟ್ ಮಾಡಿದೆ.